ಬದುವಿನ ಅಗಲ

ಸೀಮೆ ಎಂದರೆ ಎಲ್ಲೆ, ಗಡಿ, ಮೇರೆ ಎಂದು ನಿಘಂಟು ಹೇಳುತ್ತದೆ. ನಾನು ಬೆಳೆದ ಮನೆಯಲ್ಲಿ ಮಾತ್ರ ಸೀಮೆ ಎಂದ ಕೂಡಲೇ ಮೂಗಿಗೆ ಬರುತ್ತಿದ್ದುದು ಬುಡ್ಡಿದೀಪದ ವಾಸನೆ. ಸೀಮೆಎಣ್ಣೆ ಆ ಪದದ ಮೊದಲ ಪರಿಚಯ. ಆಮೇಲೆ ಶಾಲೆಯ ಸೀಮೆಸುಣ್ಣ ಬಂತು, ಸಂತೆಯ ಸೀಮೆಬದನೆಕಾಯಿ ಬಂತು, ದನ ಕಾಯುವಾಗ ಬೇಲಿಯಿಂದ ಬಡಿದು ತಿನ್ನುತ್ತಿದ್ದ ಸೀಮೆಹುಣಸೆ ಬಂತು, ಊರಿಗೆ ಡೇರಿ ಆದ ಮೇಲೆ ಸೀಮೆಹಸುವೂ ಬಂತು. ಆ ಬದನೆ, ಆ ಹುಣಸೆ ಎರಡೂ ಮೆಕ್ಸಿಕೋ ಕಡೆಯ ಗಿಡಗಳು. ಹಡಗು ಹತ್ತಿ ಬಂದವು. ಗಡಿಯ ಆಚೆಯಿಂದ ಬಂದದ್ದಕ್ಕೆಲ್ಲ ನಮ್ಮ ಹಿರಿಯರು ಗಡಿಯ ಹೆಸರನ್ನೇ ಇಟ್ಟು ಒಳಗೆ ಕರೆದುಕೊಂಡರು. ಪರದೇಶಿ ಎಂದು ದೂರ ಇಡಲಿಲ್ಲ. ಸಾರಿಗೆ, ಪಲ್ಯಕ್ಕೆ ಹಾಕಿಕೊಂಡರು.

ಅದೇ ಪದ ಬಯಲುಸೀಮೆ ಎಂದಾಗ ಗೆರೆಯಲ್ಲ, ಗೆರೆಯ ಒಳಗಿನ ಇಡೀ ನೆಲ. ಸೀಮಂತ ಎಂದಾಗ ಹೆಣ್ಣಿನ ಬೈತಲೆ. ಬಸುರಿಯ ತಲೆಗೂದಲನ್ನು ಬೈತಲೆ ತೆಗೆದು ಬಾಚುವ ಶಾಸ್ತ್ರಕ್ಕೆ ಆ ಹೆಸರು ಬಂದದ್ದು ಹಾಗೆ. ಗೆರೆ, ಗೆರೆಯ ಒಳಗು, ಗೆರೆಯ ಹೊರಗು ಮೂರನ್ನೂ ಒಂದೇ ಮಾತು ಹೊತ್ತಿದೆ. ಇದನ್ನು ಭಾಷೆಯ ಗೊಂದಲವೆಂದು ನಾನು ತಿಳಿದಿಲ್ಲ. ಎಲ್ಲೆಯನ್ನು ನಮ್ಮವರು ಹೇಗೆ ಕಂಡರು ಎಂಬುದು ಇದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅವರ ಎಲ್ಲೆ ಅಗಲವಿಲ್ಲದ ಗೆರೆಯಾಗಿರಲಿಲ್ಲ. ಅದು ನಿಲ್ಲಬಹುದಾದ, ನಡೆಯಬಹುದಾದ, ಕೂತು ಬುತ್ತಿ ಬಿಚ್ಚಬಹುದಾದ ಒಂದು ಜಾಗ.

ಇಂಗ್ಲಿಷಿನ ಬೌಂಡ್ಸ್ ಎಂಬ ಮಾತನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ಬಹುಮಟ್ಟಿಗೆ ‘ಔಟ್ ಆಫ್ ಬೌಂಡ್ಸ್’ ಎಂಬ ಫಲಕದಿಂದ. ಅದು ಒಳಗೆ ಬರಬೇಡ ಎನ್ನುವ ಮಾತು. ಕನ್ನಡದಲ್ಲಿ ಅದಕ್ಕೆ ಸಾಟಿಯಾಗಿ ಒಂದೇ ಪದ ಹುಡುಕಲು ಹೊರಟರೆ ಸಿಗುವುದು ಹತ್ತು, ಒಂದೊಂದೂ ಬೇರೆ ಕಡೆ ಕೆಲಸಕ್ಕೆ ಬರುವಂಥದ್ದು. ಊರಿಗೆ ಎಲ್ಲೆ. ನೀರಿಗೆ ಮೇರೆ, ಹೊಳೆ ಮೇರೆ ಮೀರುತ್ತದೆ, ಮಿತಿ ಮೀರುವುದು ಖರ್ಚು. ರಾಜ್ಯಕ್ಕೆ ಗಡಿ, ಠಾಣೆಗೆ ಸರಹದ್ದು, ಸೀರೆಗೆ ಅಂಚು, ಸಾಲಕ್ಕೆ ಗಡುವು. ತುಳುನಾಡಿನಲ್ಲಿ ಗಡಿ ಒಂದು ಹುದ್ದೆಯೂ ಹೌದು. ದೈವದ ಮುಂದೆ ಗಡಿ ಹಿಡಿದವರು ಆ ಸೀಮೆಯ ಹೊಣೆ ಹೊತ್ತವರು. ಮರ್ಯಾದೆ ಎಂಬ ಮಾತನ್ನೇ ನೋಡಿ. ಸಂಸ್ಕೃತದಲ್ಲಿ ಅದರ ಹಳೆಯ ಅರ್ಥ ಎಲ್ಲೆ, ದಡ. ಕನ್ನಡಕ್ಕೆ ಬರುವ ಹೊತ್ತಿಗೆ ಅದು ಗೌರವವಾಯಿತು. ‘ಮರ್ಯಾದೆ ಕೊಟ್ಟು ಮಾತಾಡು’ ಎಂದು ಅಜ್ಜಿ ಗದರಿದಾಗ, ಎದುರಿಗಿರುವವರ ಸುತ್ತ ಇರುವ ಜಾಗವನ್ನು ತುಳಿಯಬೇಡ ಎಂದೇ ಅವಳು ಹೇಳುತ್ತಿದ್ದುದು.

ಇವೆಲ್ಲ ಪದಗಳಲ್ಲಿ ನನಗೆ ಹತ್ತಿರವಾದದ್ದು ಬದು. ನಮ್ಮ ತುಮಕೂರು ಕಡೆ ಬದು ಅಥವಾ ತೆವರಿ, ಮಲೆನಾಡಿನ ಗದ್ದೆಯಲ್ಲಿ ಅಂಚು, ಬಡಗಣ ಕರಿನೆಲದಲ್ಲಿ ಒಡ್ಡು. ಹೊಲದಿಂದ ಹೊಲವನ್ನು ಬೇರೆ ಮಾಡುವ ಮಣ್ಣಿನ ದಿಬ್ಬ. ಬೇರೆ ಮಾಡುವುದು ಅದರ ಅತಿ ಸಣ್ಣ ಕೆಲಸ. ಇಳಿಜಾರಿನಲ್ಲಿ ಓಡುವ ಮಳೆನೀರನ್ನು ಅದು ಒಂದು ಗಳಿಗೆ ನಿಲ್ಲಿಸುತ್ತದೆ, ನೀರು ಇಂಗುತ್ತದೆ, ನೀರಿನ ಜೊತೆ ಹೊರಟಿದ್ದ ಮೇಲ್ಮಣ್ಣು ಅಲ್ಲೇ ಕೂರುತ್ತದೆ. ಮೇಲಿನ ಹೊಲದವನ ಮಣ್ಣು ಉಳಿಯುವುದು ಬದುವಿನಿಂದ, ಕೆಳಗಿನ ಹೊಲದವನ ಪೈರು ಕೊಚ್ಚಿಹೋಗದೆ ಉಳಿಯುವುದೂ ಅದರಿಂದಲೇ. ಉದ್ಯೋಗ ಖಾತರಿಯಲ್ಲಿ ಬದು ನಿರ್ಮಾಣ, ಕಂದಕ ಬದು ಎಂದು ನಮ್ಮ ಪಂಚಾಯಿತಿಗಳು ಕೂಲಿ ಕೊಟ್ಟು ಮಾಡಿಸಿರುವ ಕೆಲಸ ಇದೇ.

ಬದುವಿನ ಮೇಲೆ ಉಳುಮೆ ಇಲ್ಲ, ಹಾಗಾಗಿ ಅಲ್ಲಿ ತಾವಾಗಿ ಬರುವ ಗಿಡಗಳಿಗೆ ಜಾಗವಿತ್ತು. ಗರಿಕೆ, ತುಂಬೆ, ತಂಗಡಿ. ಮೊದಲ ಮಳೆ ಬಿದ್ದ ಮೇಲೆ ಅಣ್ಣೆಸೊಪ್ಪು, ಹೊನಗೊನೆ, ಇನ್ನೂ ಏನೇನೋ ಕೂಡಿ ಬೆರಕೆಸೊಪ್ಪು. ಮಡಿಲು ಕಟ್ಟಿಕೊಂಡು ಹೆಂಗಸರು ಬದುವಿನಿಂದ ಬದುವಿಗೆ ಸೊಪ್ಪು ಕೀಳುತ್ತ ಹೋಗುತ್ತಿದ್ದರು. ಯಾರ ಹೊಲದ ಬದು ಎಂದು ಯಾರೂ ಕೇಳುತ್ತಿರಲಿಲ್ಲ. ತುಂಡು ನೆಲವೂ ಇಲ್ಲದವರ ಮೇಕೆ ಬದುಕಿದ್ದು ಬದುವಿನ ಹುಲ್ಲಿನಿಂದ. ಅವರ ಮುದ್ದೆಗೆ ಉಪ್ಸಾರು ಆದದ್ದು ಬದುವಿನ ಸೊಪ್ಪಿನಿಂದ. ಎರಡು ಹೊಲಗಳ ನಡುವಿನ ಆ ಪಟ್ಟಿ ಇಬ್ಬರು ರೈತರಿಗೂ ಸೇರಿತ್ತು, ಅದಕ್ಕೇ ಅದು ಮೂರನೆಯವರಿಗೂ ದಕ್ಕುತ್ತಿತ್ತು. ಹೊಂಗೆ, ಬೇವು, ಹುಣಸೆ ಬೆಳೆದು ನಿಂತದ್ದು ಅಲ್ಲಿ. ಹೊಲದ ನಡುವೆ ನೆರಳು ಬಿದ್ದರೆ ರಾಗಿ ಏಳುವುದಿಲ್ಲ. ಅಂಚಿನಲ್ಲಿ ಮರಕ್ಕೆ ಅನುಮತಿ ಉಂಟು.

ಬಡಗಣ ಕರ್ನಾಟಕದಲ್ಲಿ ಇನ್ನೂ ಸೊಗಸಾದ ಏರ್ಪಾಡು ನೋಡಿದ್ದೇನೆ. ಹಿಂಗಾರಿ ಜೋಳದ ಹೊಲದ ಸುತ್ತ ನಾಲ್ಕಾರು ಸಾಲು ಕುಸುಬೆ ಹಾಕುತ್ತಾರೆ. ಕುಸುಬೆಯ ಎಲೆ ತುಂಬ ಮುಳ್ಳು. ದನ ಬಾಯಿ ಹಾಕುವುದಿಲ್ಲ. ಹೊಲಕ್ಕೆ ಕಾವಲೂ ಆಯಿತು, ಮನೆಗೆ ಎಣ್ಣೆಯೂ ಆಯಿತು, ಎಳೆಯದಿದ್ದಾಗ ಕಿತ್ತು ಪಲ್ಯ ಮಾಡುವುದೂ ಆಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಬೇಲಿಯೇ ಬೆಳೆಯಾಗಿ ಮನೆಯವರನ್ನು ಸಾಕುತ್ತದೆ. ಅದಕ್ಕೊಂದು ಗಾದೆ ಯಾಕೆ ಹುಟ್ಟಲಿಲ್ಲವೋ!

ಈಗ ಬದುಗಳು ಸಣ್ಣಗಾಗುತ್ತಿವೆ. ಪ್ರತಿ ಉಳುಮೆಗೂ ನೇಗಿಲು ಬದುವಿನ ಬುಡದಿಂದ ಒಂದು ಸಾಲು ಕಚ್ಚುತ್ತದೆ. ಆಚೆಯವನೂ ಸುಮ್ಮನಿರುವುದಿಲ್ಲ, ಅವನೂ ಒಂದು ಸಾಲು ಒತ್ತುತ್ತಾನೆ. ಎತ್ತಿನ ಉಳುಮೆಯಲ್ಲಿ ಇದು ತಲೆಮಾರಿನ ಕೆಲಸವಾಗಿತ್ತು, ಟ್ರ್ಯಾಕ್ಟರಿನಲ್ಲಿ ಎರಡು ಮಳೆಗಾಲದಲ್ಲಿ ಮುಗಿಯುತ್ತದೆ. ಇದರಿಂದ ಸಿಗುವುದೆಷ್ಟು ಎಂದು ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಚೌಕದ ಹೊಲಕ್ಕೆ ಒಂದೊಂದು ಮಗ್ಗುಲು ಸುಮಾರು 209 ಅಡಿ. ಒಂದು ಕಡೆಯ ಬದು 3 ಅಡಿ ಅಗಲವಿದ್ದರೆ ಅದರ ವಿಸ್ತಾರ 627 ಚದರಡಿ. ಗುಂಟೆಗೆ 1089 ಚದರಡಿ. ಇಬ್ಬರೂ ಸೇರಿ ಬದುವನ್ನು ಪೂರಾ ತಿಂದು ಮುಗಿಸಿದರೆ ಒಬ್ಬೊಬ್ಬನಿಗೆ ದಕ್ಕುವುದು ಕಾಲು ಗುಂಟೆಗಿಂತ ತುಸು ಹೆಚ್ಚು. ಅಷ್ಟಕ್ಕಾಗಿ ಹುಲ್ಲು ಹೋಯಿತು, ಸೊಪ್ಪು ಹೋಯಿತು, ಮೇಲ್ಮಣ್ಣು ಹೋಯಿತು, ನಡೆಯಲು ಇದ್ದ ದಾರಿಯೂ ಹೋಯಿತು. ಒಂದು ಕಾಲದಲ್ಲಿ ಇಬ್ಬರು ಎದುರು ಬದುರು ಬಂದರೆ ಒಬ್ಬರು ಪಕ್ಕಕ್ಕೆ ಸರಿದು ದಾರಿ ಬಿಡಬಹುದಾಗಿದ್ದ ಕಡೆ ಈಗ ಪಾದ ಊರಲೂ ಜಾಗವಿಲ್ಲ. ಬದು ತೆಳ್ಳಗಾದಷ್ಟೂ ಜಗಳ ದಪ್ಪವಾಗುತ್ತದೆ. ಅಗಲ ಇದ್ದಾಗ ಒಂದು ಗೇಣು ಆಚೆ ಈಚೆಯಾದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗೆರೆ ಮಾತ್ರ ಉಳಿದಾಗ ಒಂದು ಬೆರಳೂ ಮಾನದ ಪ್ರಶ್ನೆ.

ಜಗಳ ಬೆಳೆದರೆ ತಾಲ್ಲೂಕು ಕಚೇರಿಗೆ ಹದ್ದುಬಸ್ತಿನ ಅರ್ಜಿ ಬೀಳುತ್ತದೆ. ಹದ್ದು ಅರಬ್ಬಿಯಿಂದ, ಬಸ್ತು ಪಾರಸಿಯಿಂದ ಬಂದ ಮಾತು. ಎರಡೂ ಸೇರಿದರೆ ಎಲ್ಲೆ ಕಟ್ಟುವುದು ಎಂದಾಗುತ್ತದೆ. ತುಂಟ ಮಗನನ್ನು ತಾಯಿ ಹದ್ದುಬಸ್ತಿನಲ್ಲಿ ಇಡುವುದೂ ಇದೇ ಮಾತಿನಿಂದ. ಸರ್ವೆಯವರು ಟಿಪ್ಪಣಿ, ಆಕಾರಬಂದ್, ನಕಾಶೆ ಹಿಡಿದು ಬರುತ್ತಾರೆ. ಅವರು ಮೊದಲು ಹುಡುಕುವುದು ಹಳೆಯ ಬಾಂದುಕಲ್ಲನ್ನು. ಮೈಸೂರು ಸಂಸ್ಥಾನದಲ್ಲಿ ಹೊಲ ಹೊಲವನ್ನೂ ಅಳೆದು ಕಂದಾಯ ಗೊತ್ತುಮಾಡುವ ಸರ್ವೆ 1863ರಲ್ಲಿ ಆರಂಭವಾಯಿತು. ಅದಕ್ಕೆ ಮಾದರಿ ಅದಕ್ಕೂ ಹಿಂದೆ ಧಾರವಾಡ ಮೊದಲಾದ ಕಡೆ ನಡೆದಿದ್ದ ಮುಂಬಯಿ ಪದ್ಧತಿ. ಅವರ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ನಾಣ್ಯದ ಆಣೆಯ ಕಾಲ 1957ರಲ್ಲಿ ನಯಾಪೈಸೆ ಬಂದಾಗ ಮುಗಿಯಿತು, ಪಹಣಿಯಲ್ಲಿ ಎಕರೆ ಗುಂಟೆಗಳ ಪಕ್ಕದಲ್ಲಿ ಆಣೆ ಇನ್ನೂ ಇದೆ.

ಸರಪಳಿ ಬರುವ ಮೊದಲು ಎಲ್ಲೆಯನ್ನು ಕಾಪಾಡುತ್ತಿದ್ದುದು ಕಾಲು ಮತ್ತು ನೆನಪು. ಕಲಬುರಗಿ, ಬೀದರ, ವಿಜಯಪುರದ ಕಡೆ ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆಯ ಕಡುಬು, ಭಜ್ಜಿಪಲ್ಯ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾದ ಹೋಳಿಗೆ. ಪೂಜೆಯಾದ ಮೇಲೆ ಮನೆಯ ಗಂಡಸು ಎಡೆಯ ಅನ್ನ ತುಂಬಿಕೊಂಡು ಹೊಲದ ಅಂಚಿನಗುಂಟ ಸುತ್ತುತ್ತ ಚರಗ ಚೆಲ್ಲುತ್ತಾನೆ. ಭೂಮಿತಾಯಿ ಬಸುರಿ, ಅವಳ ಬಯಕೆಗೆ ಉಣಿಸಬೇಕು ಎಂಬುದು ನಂಬಿಕೆ. ಹಿಂದೆ ಹಿಂದೆ ಹುಡುಗರು ನೀರು ಚಿಮುಕಿಸುತ್ತ ಕೂಗುತ್ತ ಹೋಗುತ್ತಾರೆ. ಅವರು ಎಲ್ಲೆಯನ್ನು ಕಲಿಯುವುದು ಹಾಗೆ; ಯಾವ ಕಡೆ ನೆಲ ತಗ್ಗು, ಎಲ್ಲಿ ಹಳ್ಳ ತಿರುಗುತ್ತದೆ, ಯಾವ ಬನ್ನಿಗಿಡದಿಂದ ಯಾವ ಕಲ್ಲಿನ ತನಕ ನಮ್ಮದು ಎಂಬುದೆಲ್ಲ ಕಾಲಿಗೆ ಗೊತ್ತಾಗುತ್ತದೆ, ಬಾಯಲ್ಲಿ ಹೋಳಿಗೆಯ ರುಚಿ ಇರುವಾಗಲೇ. ಊಟಕ್ಕೆ ಆಚೆ ಹೊಲದವರೂ ಬರುತ್ತಾರೆ, ಎಲ್ಲೆಯ ಮೇಲೇ ಪಂಕ್ತಿ.

ಇಂಗ್ಲೆಂಡಿನ ಹಳ್ಳಿಗಳಲ್ಲೂ ಇಂಥದೇ ಒಂದು ನಡೆಯಿತ್ತು. ಈಸ್ಟರ್ ಕಳೆದು ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ ಬರುವ ಹೊತ್ತಿಗೆ ಪಾದ್ರಿ, ಊರ ಹಿರಿಯರು, ಹುಡುಗರು ಸೇರಿ ತಮ್ಮ ಇಗರ್ಜಿಯ ಸೀಮೆಯನ್ನು ಸುತ್ತುವುದು. ಹುಡುಗರ ಕೈಯಲ್ಲಿ ಎಳೆಯ ಬೆತ್ತ. ಗಡಿಕಲ್ಲು ಸಿಕ್ಕ ಕಡೆಯೆಲ್ಲ ಅದರಿಂದ ಕಲ್ಲನ್ನು ಬಡಿಯುವುದು. ಬೌಂಡ್ಸನ್ನು ಬಡಿಯುವುದು ಎಂದೇ ಆ ಆಚರಣೆಯ ಹೆಸರು. ಕೆಲವು ಕಡೆ ಕಲ್ಲಿನ ಬದಲು ಹುಡುಗರಿಗೇ ಏಟು ಬೀಳುತ್ತಿತ್ತು, ಜಾಗ ಮರೆಯದಿರಲಿ ಎಂದು. ಆಕ್ಸ್‌ಫರ್ಡಿನಲ್ಲಿ ಈ ನಡಿಗೆ ಇಂದಿಗೂ ಉಳಿದಿದೆ. ಅವರು ಪೆಟ್ಟಿನಿಂದ ನೆನಪಿಸಿದರು, ನಾವು ಊಟದಿಂದ ನೆನಪಿಸಿದೆವು ಎಂದು ಹೇಳಿ ಹೆಮ್ಮೆಪಡಬಹುದಿತ್ತು. ಆದರೆ ನಮ್ಮ ನೆನಪಿನ ಇನ್ನೊಂದು ಪುಟವನ್ನು ತೆರೆಯದೆ ಹಾಗೆ ಹೇಳುವುದು ತಪ್ಪಾಗುತ್ತದೆ.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಊರಿನ ಎಲ್ಲೆ ಯಾವುದು ಎಂಬ ಪ್ರಶ್ನೆ ಎದ್ದರೆ ಕೊನೆಯ ಮಾತು ಕುಳವಾಡಿಯದು. ಜೆ. ಎಸ್. ಎಫ್. ಮೆಕೆಂಜಿ ಎಂಬ ಅಧಿಕಾರಿ 1873ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಊರ ಮಣ್ಣಿನಿಂದ ಒಂದು ಉಂಡೆ ಮಾಡಿ, ನಡುವೆ ನೀರು ಹಾಕಿ, ಕುಳವಾಡಿಯ ತಲೆಯ ಮೇಲೆ ಇಡುತ್ತಿದ್ದರು. ಅದನ್ನು ಹೊತ್ತು ಅವನು ಎಲ್ಲೆಗುಂಟ ನಡೆಯಬೇಕು. ಸರಿಯಾದ ಎಲ್ಲೆಯಲ್ಲಿ ನಡೆದರೆ ಉಂಡೆ ಇಡಿಯಾಗಿ ಉಳಿಯುತ್ತದೆ. ತಪ್ಪಿ ನಡೆದರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬ ನಂಬಿಕೆ. ಕುಳವಾಡಿ ಹೊಲಗೇರಿಯವನು. ಗೌಡರ, ಶಾನುಭೋಗರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಊರ ಬಾವಿಯ ನೀರು ಸೇದುವಂತಿರಲಿಲ್ಲ. ಅಂಥವನ ತಲೆಯ ಮೇಲೆ ಇಡೀ ಊರಿನ ಮಣ್ಣನ್ನು ಇಟ್ಟು, ನಮ್ಮ ಊರು ಎಲ್ಲಿಯ ತನಕ ಇದೆ ಹೇಳಪ್ಪ ಎಂದು ಕೇಳಿದರು. ಊರಿನವನಲ್ಲ ಎಂದು ಹೊರಗಿಟ್ಟವನಿಗೇ ಊರು ಪೂರ್ತಿ ಗೊತ್ತಿತ್ತು. ತಪ್ಪಿದರೆ ಪ್ರಾಣ ಹೋಗುವುದೂ ಅವನದೇ.

ಈ ಸಂಗತಿಯನ್ನು ಓದಿದಾಗಿನಿಂದ ನನಗೆ ಹಳೆಯ ಎಲ್ಲೆಗಳ ಬಗ್ಗೆ ಬರಿಯ ಅಕ್ಕರೆಯಿಂದ ಬರೆಯಲು ಆಗುವುದಿಲ್ಲ. ಬದುವಿಗೆ ಅಗಲವಿತ್ತು, ನಿಜ. ಊರಿಗೂ ಕೇರಿಗೂ ನಡುವೆ ಎಳೆದ ಗೆರೆಗೆ ಎಳ್ಳಷ್ಟೂ ಅಗಲವಿರಲಿಲ್ಲ. ಅದರ ಮೇಲೆ ಯಾರೂ ನಿಲ್ಲುವಂತಿರಲಿಲ್ಲ, ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಹೊಲಕ್ಕೆ ಗೊತ್ತಿದ್ದ ಔದಾರ್ಯ ಊರಿಗೆ ಗೊತ್ತಿರಲಿಲ್ಲ. ಇವತ್ತಿಗೂ ಪೂರಾ ಗೊತ್ತಾಗಿಲ್ಲ.

ಕಲ್ಲುಗಳ ಮಾತಿಗೆ ಬಂದರೆ ಕರ್ನಾಟಕದಷ್ಟು ಶ್ರೀಮಂತ ನಾಡು ಕಡಿಮೆ. ದತ್ತಿ ಕೊಟ್ಟ ಭೂಮಿಯ ಮೂಲೆಗಳಲ್ಲಿ ನಟ್ಟ ಕಲ್ಲುಗಳ ಮೇಲೆ ಬರೆಹವಿಲ್ಲದೆಯೂ ಗುರುತು ತಿಳಿಯುತ್ತಿತ್ತು: ಬ್ರಾಹ್ಮಣರಿಗೆ ಬಿಟ್ಟದ್ದಾದರೆ ಕೊಡೆ, ಕಮಂಡಲು ಹಿಡಿದ ವಾಮನ, ಶಿವಾಲಯದ್ದಾದರೆ ಲಿಂಗ, ಬಸದಿಯದಾದರೆ ಮುಕ್ಕೊಡೆ. ಮೂರು ಹೆಜ್ಜೆಯಲ್ಲಿ ಲೋಕ ಅಳೆದವನನ್ನು ಹೊಲದ ಮೂಲೆಯಲ್ಲಿ ನಿಲ್ಲಿಸಿದವರ ಯೋಚನೆ ದೊಡ್ಡದು. ಶಾಸನಗಳಲ್ಲಿ ಎಲ್ಲೆ ಹೇಳುವ ಭಾಗವನ್ನು ಇತಿಹಾಸ ಓದುವವರು ಬೇಗ ದಾಟಿಬಿಡುತ್ತಾರೆ, ಅವರಿಗೆ ಬೇಕಾದ್ದು ರಾಜನ ಹೆಸರು, ತಿಥಿ. ನನಗೆ ಆ ಭಾಗವೇ ಇಷ್ಟ. ಮೂಡಲಿಗೆ ಹುತ್ತ, ತೆಂಕಲಿಗೆ ಕೆರೆಯ ಕೋಡಿ, ಪಡುವಲಿಗೆ ಹುಣಸೆ, ಬಡಗಲಿಗೆ ನಟ್ಟ ಕಲ್ಲು ಎಂಬ ಧಾಟಿಯಲ್ಲಿ ಊರಿನ ಸುತ್ತ ನಮ್ಮನ್ನು ಕೈಹಿಡಿದು ನಡೆಸುತ್ತದೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಇಂಥ ನಡಿಗೆಗಳು ನೂರಾರು. ಹುತ್ತವೂ ಮರವೂ ಶಾಶ್ವತವಲ್ಲ ಎಂದು ಕೆತ್ತಿಸಿದವರಿಗೆ ಗೊತ್ತಿತ್ತು. ಅದಕ್ಕೇ ಕೊನೆಯಲ್ಲಿ ಶಾಪವನ್ನೂ ಕೆತ್ತಿಸಿದರು: ಈ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟಲಿ. ಕಾವಲುಗಾರನಿಲ್ಲದ ಕಡೆ ಮಾತೇ ಕಾವಲು.

ಇವತ್ತಿನ ಕ್ರಯಪತ್ರದ ಚಕ್ಕುಬಂದಿ ಆ ಶಾಸನಗಳ ನೇರ ವಂಶ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಸರ್ಕಾರಿ ಹಳ್ಳ, ದಕ್ಷಿಣಕ್ಕೆ ಇಂಥವರ ಖುಷ್ಕಿ. ಪತ್ರ ಓದುವಾಗ ಗಮನಿಸಿ: ನನ್ನ ಭೂಮಿ ಯಾವುದು ಎಂದು ಹೇಳಲು ಅಲ್ಲಿ ಬರುವುದೆಲ್ಲ ನೆರೆಯವರ ಹೆಸರು.

ನಾಡಿನ ಎಲ್ಲೆಯ ಮಾತು ಬಂದಾಗ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಎಲ್ಲರೂ ನೆನೆಯುತ್ತಾರೆ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಎರಡು ನದಿಗಳನ್ನು ಅದು ಹೇಳುತ್ತದೆ. ನದಿ ಗೆರೆಯಲ್ಲ. ಅದಕ್ಕೆ ಎರಡು ದಡ, ನಡುವೆ ದೋಣಿ. ಮಳೆಗಾಲದಲ್ಲಿ ಎಲ್ಲೆಯೇ ಅಗಲವಾಗುತ್ತದೆ. ಆ ಕೃತಿ ಅಷ್ಟಕ್ಕೇ ನಿಲ್ಲದೆ ನಾಡಿನ ತಿರುಳು ಯಾವುದು ಎಂದೂ ಹೇಳುತ್ತದೆ: ಪಟ್ಟದಕಲ್ಲು, ಕೊಪ್ಪಳ, ಪುಲಿಗೆರೆ, ಒಕ್ಕುಂದ, ಈ ನಾಲ್ಕರ ನಡುವಿನ ನೆಲ. ಪುಲಿಗೆರೆ ಎಂದರೆ ಇವತ್ತಿನ ಲಕ್ಷ್ಮೇಶ್ವರ. ಮುಂದೆ ಸಾವಿರ ವರ್ಷ ಕಳೆದು ಬ್ರಿಟಿಷರ ಕಾಲಕ್ಕೆ ಬಂದರೆ ಅದೇ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು, ಪಕ್ಕದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಸುತ್ತ ಧಾರವಾಡ ಜಿಲ್ಲೆ ಮುಂಬಯಿ ಸರ್ಕಾರದ್ದು. ಕನ್ನಡದ ತಿರುಳು ಎನಿಸಿದ್ದ ಊರು ದೂರದ ಸಂಸ್ಥಾನವೊಂದರ ತುಂಡು ನೆಲವಾಗಿತ್ತು. ನಕ್ಷೆಯಲ್ಲಿ ಅದಕ್ಕೆ ಬೇರೆ ಬಣ್ಣ. ಊರಿನವರು ಆಡುತ್ತಿದ್ದುದು ಅದೇ ಕನ್ನಡ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಇವುಗಳ ನಡುವೆ ಅಲ್ಲಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಎಂದು ಹಂಚಿಹೋಗಿದ್ದ ನೆಲ 1956ರ ನವೆಂಬರ್ 1ರಂದು ಒಂದಾಯಿತು. ಅದಕ್ಕಾಗಿ ದುಡಿದವರಿಗೆ ನಾವು ತೀರಿಸಲಾರದಷ್ಟು ಋಣಿಗಳು.

ಒಂದಾದ ಮೇಲೂ ಅಂಚಿನ ತಕರಾರು ಉಳಿಯಿತು. ಮಹಾಜನ ಆಯೋಗ 1966ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ಇಲ್ಲೇ ಇರಲಿ, 264 ಹಳ್ಳಿ ಮಹಾರಾಷ್ಟ್ರಕ್ಕೆ, 247 ಹಳ್ಳಿ ಇತ್ತ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಇತ್ತ ಎಂದಿತು. ಅದು ಜಾರಿಗೆ ಬರಲೇ ಇಲ್ಲ. ವರದಿಯ ನ್ಯಾಯದ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ, ಕಾಸರಗೋಡಿನ ಕನ್ನಡಿಗರ ನೋವು ನನ್ನದೂ ಹೌದು. ಆದರೆ ಹಳ್ಳಿಯಿಂದ ಹಳ್ಳಿಗೆ ನಡೆದು ಹೋಗುವವನಿಗೆ ಇಂಥ ಕಡೆ ಭಾಷೆ ಒಂದು ಕಲ್ಲಿನ ಹತ್ತಿರ ನಿಂತು ಇನ್ನೊಂದು ಶುರುವಾಗುವುದಿಲ್ಲ. ನಮ್ಮ ಜಿಲ್ಲೆಯ ಪಾವಗಡಕ್ಕೆ ಮೂರು ಕಡೆ ಆಂಧ್ರ. ಅಲ್ಲಿ ಕನ್ನಡ ಶಾಲೆಯಲ್ಲಿ ಓದಿ, ಮನೆಯಲ್ಲಿ ತೆಲುಗು ಆಡಿ, ಸಂತೆಯಲ್ಲಿ ಎರಡನ್ನೂ ಕಲಸಿ ವ್ಯಾಪಾರ ಮಾಡುತ್ತಾರೆ. ಮಡಕಶಿರಾದಿಂದ ಹೆಣ್ಣು ತರುತ್ತಾರೆ, ಅತ್ತ ಹೆಣ್ಣು ಕೊಡುತ್ತಾರೆ. ಆಚೆ ಮಡಕಶಿರಾ, ರಾಯದುರ್ಗದ ಹಳ್ಳಿಗಳಲ್ಲಿ ಕನ್ನಡದ ಮನೆಗಳು ಎಷ್ಟೋ ಇವೆ. ಅಕ್ಕಲಕೋಟೆ, ಜತ್ತದ ಕಡೆಯೂ ಹಾಗೆ, ತಾಳವಾಡಿ, ಹೊಸೂರಿನ ಕಡೆಯೂ ಹಾಗೆ. ನಾಡಿನ ಅಂಚಿನಲ್ಲಿ ಹತ್ತಾರು ಮೈಲಿ ಅಗಲದ ಒಂದು ಬದು ಇದೆ. ಅಲ್ಲಿ ಬೆಳೆಯುವ ಮಾತಿನ ಬೆರಕೆಸೊಪ್ಪು ಒಳನಾಡಿನಲ್ಲಿ ಸಿಗುವಂಥದ್ದಲ್ಲ. ದೇಸಿ ಕನ್ನಡದ ಬಗೆಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂದು ‘ಕವಿರಾಜಮಾರ್ಗ’ವೇ ಹೇಳಿದೆಯಲ್ಲ. ಎರಡು ಭಾಷೆಯ ಆ ಜನರನ್ನು ಯಾವ ಕಡೆಯವರು ನೀವು ಎಂದು ಒತ್ತಿ ಕೇಳಿದಾಗಲೆಲ್ಲ ನಾವು ಒಂದು ಸಾಲು ಒಳಗೆ ಒತ್ತಿ ಉಳುತ್ತಿರುತ್ತೇವೆ.

ಎಲ್ಲೆಯನ್ನು ಇಷ್ಟು ಗೌರವಿಸಿದವರು ವರ್ಷಕ್ಕೊಂದು ದಿನ ಅದನ್ನು ದಾಟಲೆಂದೇ ಇಟ್ಟುಕೊಂಡರು. ವಿಜಯದಶಮಿಯ ಸೀಮೋಲ್ಲಂಘನ. ಒಂದು ಕಾಲದಲ್ಲಿ ಮಳೆಗಾಲ ಮುಗಿದು ದಂಡು ಹೊರಡುವ ಮುಹೂರ್ತ ಅದು. ಮೈಸೂರಿನ ಮೆರವಣಿಗೆ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವುದರ ಹಿಂದೆ ಇರುವುದೂ ಅದೇ ಪದ್ಧತಿ. ದಂಡು ಮರೆತುಹೋಯಿತು, ಬನ್ನಿ ಉಳಿಯಿತು. ಬಡಗಣ ಕರ್ನಾಟಕದಲ್ಲಿ ಆ ಸಂಜೆ ಊರಾಚೆ ಹೋಗಿ ಬನ್ನಿ ಮುಡಿದು ಬಂದು, ಮನೆಮನೆಗೆ ಹೋಗಿ ಎಲೆ ಕೊಟ್ಟು, ಹಿರಿಯರ ಕಾಲಿಗೆ ಬೀಳುತ್ತಾರೆ. ‘ಬನ್ನಿ ತೊಗೊಂಡು ಬಂಗಾರದಂಗ ಇರೋಣ್ರಿ’ ಎನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟರೆ ಬೇಡ ಎನ್ನುವಂತಿಲ್ಲ. ಊರ ಎಲ್ಲೆ ದಾಟಿದ ಕಾಲು ಮುನಿಸಿನ ಎಲ್ಲೆಯನ್ನೂ ದಾಟಲಿ ಎಂದು ಈ ಏರ್ಪಾಡು ಮಾಡಿದವರು ಯಾರೋ, ಅವರಿಗೆ ಮನುಷ್ಯರ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಈಗ ಡ್ರೋನು ಬಂದಿದೆ. ಊರಿನ ಮನೆ ಜಾಗಗಳನ್ನು ಅಳೆದು ಹಕ್ಕುಪತ್ರ ಕೊಡುವ ಸ್ವಾಮಿತ್ವ ಯೋಜನೆ 2020ರಲ್ಲಿ ಶುರುವಾಯಿತು. ಹೊಲದ ಸರ್ವೆಗೂ ಉಪಗ್ರಹದ ನೆರವಿನ ಯಂತ್ರಗಳು ಬಂದಿವೆ. ನಾನು ಇದನ್ನು ಸ್ವಾಗತಿಸುವವನು. ಪೋಡಿಯಾಗದೆ ಮೂರು ತಲೆಮಾರು ಒದ್ದಾಡಿದ ಕುಟುಂಬಗಳು, ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಗಳು, ವಿಧವೆಯ ಪಾಲಿನಿಂದ ವರ್ಷಕ್ಕೊಂದು ಸಾಲು ಕದ್ದವರು ನಮ್ಮ ಸುತ್ತ ಎಷ್ಟಿಲ್ಲ? ಕರಾರುವಾಕ್ಕಾದ ಅಳತೆ ಬಲವಿಲ್ಲದವರಿಗೆ ಮೊದಲು ಬೇಕು. ಆದರೆ ನಕಾಶೆಯಲ್ಲಿ ಎರಡು ಸರ್ವೆ ನಂಬರುಗಳ ನಡುವೆ ಇರುವುದು ಒಂದೇ ಗೆರೆ. ಖರಾಬಿಗೆ ಲೆಕ್ಕವಿದೆ, ಬಂಡಿದಾರಿಗೆ ಗುರುತಿದೆ. ಇಬ್ಬರ ನಡುವಿನ ಹುಲ್ಲುಪಟ್ಟಿಗೆ ಜಾಗ ಬಿಡುವುದು ಗೆರೆಯ ಎರಡೂ ಕಡೆಯವರ ಮನಸ್ಸಿಗೆ ಸೇರಿದ್ದು.

ನಮ್ಮ ಹೊಲಕ್ಕೂ ಪಕ್ಕದವರ ಹೊಲಕ್ಕೂ ಹೋದ ಬೇಸಿಗೆಯಲ್ಲಿ ಹದ್ದುಬಸ್ತು ಆಯಿತು. ಜಗಳವಿರಲಿಲ್ಲ, ಅವರು ಮಕ್ಕಳಿಗೆ ಭಾಗ ಮಾಡಬೇಕಿತ್ತು. ಸರ್ವೆಯವರು ಬಿಂದು ಗುರುತಿಸುತ್ತ ಬಂದರು, ಸುಣ್ಣ ಹಾಕುತ್ತ ಬಂದರು, ಹುಣಸೆಮರದ ಹತ್ತಿರ ನಿಂತರು. ಗೆರೆ ಸರಿಯಾಗಿ ಬೊಡ್ಡೆಯ ಒಳಗೇ ಹಾದುಹೋಗುತ್ತಿತ್ತು. ಮರ ಯಾರು ನೆಟ್ಟದ್ದೋ ಇಬ್ಬರಿಗೂ ತಿಳಿಯದು. ಇಷ್ಟು ವರ್ಷ ಯಾರ ಮನೆಯವರು ಮೊದಲು ಬಡಿದರೋ ಅವರದು ಹಣ್ಣು, ಉದುರಿದ್ದು ದಾರಿಹೋಕರದು.

‘ಏನ್ ಬರ್ಕೊಳ್ಳಿ ಯಜಮಾನ್ರೇ? ಯಾರ ಕಡೀಕ್ ಬರ್ಕೊಳ್ಳಿ?’ ಎಂದರು ಸರ್ವೆಯವರು.

ಪಕ್ಕದ ಹೊಲದ ಯಜಮಾನರನ್ನು ನಾನು ಚಿಕ್ಕಂದಿನಿಂದ ಮಾವ ಎಂದೇ ಕರೆಯುವುದು. ಅವರು ಟವೆಲಿನಿಂದ ಮುಖ ಒರೆಸಿಕೊಂಡು ಮರವನ್ನೂ ನನ್ನನ್ನೂ ನೋಡಿದರು. ‘ಮರ ಮರದ್ ಪಾಡ್ಗಿರ್ಲಿ ಬುಡಿ. ಕಲ್ಲ ಅದ್ರ ಈಚೀಕೊಂದು, ಆಚೀಕೊಂದು ನೆಟ್ಬುಡಿ,’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಒಂದೊರ್ಷ ನಾವ್ ಬಡ್ಸಾದು, ಒಂದೊರ್ಷ ನೀವ್ ಬಡ್ಸಾದು. ಏನಂತೀಯಪ್ಪ?’

‘ಹಂಗೇ ಆಗ್ಲಿ ಮಾವ,’ ಎಂದೆ. ‘ಉದ್ರಿದ್ದು ಮಾತ್ರ ಯಾರ್ ಆರಿಸ್ಕಂಡ್ರೂ ಕೇಳಾದ್ ಬ್ಯಾಡ.’

‘ಅದ್ನ ಯಾವತ್ತು ಕೇಳಿದ್ವಿ?’ ಎಂದರು ಅವರು.

ಎರಡು ಕಲ್ಲು ನೆಟ್ಟರು. ಈ ವರ್ಷದ ಫಸಲು ಅವರದು. ಕಾಯಿ ಚೆನ್ನಾಗಿ ಹಿಡಿದಿದೆ, ಮಾಘ ಕಳೆದ ಮೇಲೆ ಬಡಿಸುತ್ತಾರಂತೆ.